ಇಂದಿನ ಧಮ್ಮ ಚಿಂತನೆ: "ಇವರಿಗೆ ಇಷ್ಟು ಸಾಕು"



ಧಮ್ಮ ಬಂಧುಗಳೇ, ಇವತ್ತು ಬರೆಯುವ ಸರದಿ ನನ್ನದು. ಸುತ್ತಗಳನ್ನು ವಿವರಿಸುವಷ್ಟು ಓದು ನನಗಿಲ್ಲ. 22 ವರ್ಷದಿಂದ ಎಲೆಕ್ಟ್ರಾನಿಕ್ ಸಾಮಾನು ರಿಪೇರಿ ಮಾಡಿ ಹೊಟ್ಟೆ ಹೊರೆಯುತ್ತಿರುವವನು. ಹಾಗಾಗಿ ನನ್ನ ಮೇಜಿನ ಮೇಲೆ ನಡೆದದ್ದನ್ನೇ ಹೇಳುತ್ತೇನೆ. ಇದರಲ್ಲಿ ತಪ್ಪು ನನ್ನದು.

ಪರೀಕ್ಷೆಯ ಕಾಲ. ನಮ್ಮ ಓಣಿಯ ಒಬ್ಬರು ಒಂದು ಎಮರ್ಜೆನ್ಸಿ ಲ್ಯಾಂಪ್ ತಂದರು. ಮಗಳು ಪಿಯುಸಿ, ರಾತ್ರಿ ಕರೆಂಟ್ ಹೋದರೆ ಓದಲು ಅದೇ ಗತಿ. "ಹೊಸದು ತಗೊಳ್ಳೋಕೆ ಈ ತಿಂಗಳು ಆಗಲ್ಲ ಅಣ್ಣ, ಹೇಗಾದರೂ ಉರಿಯೋ ಹಾಗೆ ಮಾಡಿಕೊಡು" ಅಂದರು.

ಬಿಚ್ಚಿ ನೋಡಿದೆ. ಒಳಗಿನ ಸೀಸದ ಬ್ಯಾಟರಿ ಸೋರಿ, ಆಸಿಡ್ ಬೋರ್ಡಿನ ಮೇಲೆ ಹರಿದಿತ್ತು. ಹಸಿರು ಬೋರ್ಡಿನ ಮೇಲೆ ಗೆರೆ ಗೆರೆಯಾಗಿ ಕಾಣುವ ತಾಮ್ರದ ದಾರಿಗೆ ನಾವು ಟ್ರ್ಯಾಕ್ ಅನ್ನುತ್ತೇವೆ. ಸಾಮಾನ್ಯ ಬೋರ್ಡಿನಲ್ಲಿ ಆ ತಾಮ್ರದ ದಪ್ಪ ಸುಮಾರು 35 ಮೈಕ್ರಾನ್. ಅಂಥ 28 ಪದರ ಒಂದರ ಮೇಲೊಂದು ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಅಷ್ಟು ತೆಳುವಾದದ್ದನ್ನು ಆಸಿಡ್ ತಿನ್ನಲು ಹೆಚ್ಚು ದಿನ ಬೇಕಿಲ್ಲ. ಬ್ಯಾಟರಿಯಿಂದ ಬಲ್ಬಿಗೆ ಹೋಗುವ ಟ್ರ್ಯಾಕ್ ಒಂದು ಕಡೆ ಕಡಿದು ಹೋಗಿತ್ತು.

ಅಂಗಡಿಯಲ್ಲಿ ಜನ ಕಾಯುತ್ತಿದ್ದರು. ಕಡಿದ ಜಾಗವನ್ನು ಸ್ವಲ್ಪ ಕೆರೆದು, ಅದರ ಮೇಲೆ ಒಂದು ಹನಿ ಸೀಸ ಬಿಟ್ಟೆ. ಬೇರೊಂದು ಬ್ಯಾಟರಿ ಹಾಕಿದೆ. ಮೀಟರ್ ಇಟ್ಟೆ, ಬೀಪ್ ಅಂದಿತು. ಸ್ವಿಚ್ ಹಾಕಿದೆ, ದೀಪ ಹತ್ತಿತು. ಐದು ನಿಮಿಷದ ಕೆಲಸ. "ಹೊಸದರ ಹಾಗೇ ಆಗಿದೆ" ಅಂದು ಕೊಟ್ಟು ಕಳಿಸಿದೆ. ಅವರು ಕೈ ಮುಗಿದು ಹೋದರು.

ಹತ್ತು ದಿನದ ಮೇಲೆ ಆ ಹುಡುಗಿಯೇ ಲ್ಯಾಂಪ್ ಹಿಡಿದು ಬಂದಳು. ಹಿಂದಿನ ರಾತ್ರಿ ಓದುವಾಗ ಆರಿಹೋಗಿತ್ತು. ಉಳಿದದ್ದನ್ನು ಅಪ್ಪನ ಫೋನಿನ ಟಾರ್ಚಿನಲ್ಲಿ ಓದಿ, ಅದರ ಚಾರ್ಜೂ ಮುಗಿದಿತ್ತು. ಅವಳು ಜಗಳ ಮಾಡಲಿಲ್ಲ. ಒಂದು ಮಾತು ಕೇಳಿದಳು: "ಅಂಕಲ್, ನಮಗೆ ಯಾವಾಗಲೂ ತೇಪೆ ಹಾಕಿದ್ದೇ ಯಾಕೆ?"

ನಾನು ಉತ್ತರ ಹೇಳಲಿಲ್ಲ. ಲ್ಯಾಂಪ್ ಬಿಚ್ಚಿದೆ.

ನಾನು ತೊಳೆಯದೆ ಬಿಟ್ಟಿದ್ದ ಆಸಿಡ್ ಹಸಿರು ಲೇಪದ ಕೆಳಗೆ ಇನ್ನೂ ಮುಂದಕ್ಕೆ ಹರಿದಿತ್ತು. ನನ್ನ ಸೀಸದ ಹನಿ ಕೊಳೆಯ ಮೇಲೆ ಕೂತಿತ್ತು, ತಾಮ್ರದ ಮೇಲೆ ಅಲ್ಲ. ಅದೂ ನಡುವೆ ಬಿರುಕು ಬಿಟ್ಟಿತ್ತು. ಬರೀ ಸೀಸದಿಂದ ಬಿರುಕು ಮುಚ್ಚಿದರೆ ಬೋರ್ಡ್ ಸ್ವಲ್ಪ ಬಾಗಿದರೂ ಮತ್ತೆ ಬಿಡುತ್ತದೆ. ಇದು ನನಗೆ ಗೊತ್ತಿಲ್ಲದ ವಿಷಯವಲ್ಲ. ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲ ವಾರವೇ ಹೇಳಿಕೊಡುತ್ತೇನೆ.

ಸರಿಯಾದ ದಾರಿ ಹೀಗಿದೆ. ಮೊದಲು ಅಡುಗೆ ಸೋಡಾ ಕಲಸಿದ ನೀರಿನಿಂದ ಆಸಿಡ್ ತೊಳೆಯಬೇಕು. ಆಲ್ಕಲೈನ್ ಸೆಲ್ ಸೋರಿದ್ದರೆ ಸೋಡಾ ಅಲ್ಲ, ವಿನೆಗರ್ ಅಥವಾ ನಿಂಬೆರಸ. ಆಮೇಲೆ ಸ್ಪಿರಿಟ್‌ನಿಂದ ಒರೆಸಿ ಚೆನ್ನಾಗಿ ಒಣಗಿಸಬೇಕು. ಎರಡೂ ಬದಿಯಲ್ಲಿ ಒಳ್ಳೆಯ ತಾಮ್ರ ಹೊಳೆಯುವವರೆಗೆ ಹಸಿರು ಲೇಪ ಕೆರೆಯಬೇಕು. ನಡುವೆ ತಂತಿ ಇಟ್ಟು, ಫ್ಲಕ್ಸ್ ಹಚ್ಚಿ ಬೆಸೆಯಬೇಕು. ಕೊನೆಗೆ ಉಗುರು ಬಣ್ಣದಿಂದ ಮುಚ್ಚಿದರೆ ಗಾಳಿ ತೇವ ತಾಗುವುದಿಲ್ಲ.

ತಂತಿಗೆ ದುಡ್ಡು ಬೇಕೇ? ಬೇಡ. ಹಳೆಯ ವೈರಿನಿಂದ ಕಿತ್ತ 0.2 ಮಿಲಿಮೀಟರ್ ವ್ಯಾಸದ ಒಂದೇ ಎಳೆ, 1 ಮಿಲಿಮೀಟರ್ ಅಗಲದ ಟ್ರ್ಯಾಕಿನಷ್ಟೇ ತಾಮ್ರ ಹಿಡಿದಿರುತ್ತದೆ. ರೆಸಿಸ್ಟರ್ ಬೆಸೆದ ಮೇಲೆ ಕತ್ತರಿಸಿ ಕೆಳಗೆ ಚೆಲ್ಲುತ್ತೇವಲ್ಲ, ಆ ಕಾಲಿನ ತುಂಡು ಇನ್ನೂ ದಪ್ಪ. ಅಂಗಡಿಯ ಕಸದಲ್ಲೇ ಬೇಕಾದಷ್ಟು ಸಿಗುತ್ತದೆ. ಬೆಳ್ಳಿ ಬಣ್ಣದ ದುಬಾರಿ ಪೆನ್ನು ಬೇಕಾಗುವುದು ಕೀಬೋರ್ಡಿನ ಒಳಗಿರುವಂಥ ಪ್ಲಾಸ್ಟಿಕ್ ಹಾಳೆಗೆ. ಅಲ್ಲಿ ಕಾವಿಟ್ಟರೆ ಹಾಳೆಯೇ ಕರಗುತ್ತದೆ.

ಅವತ್ತು ಕೂತು ಲೆಕ್ಕ ಹಾಕಿದೆ. ಮೊದಲ ಸಲ ನಾನು ಉಳಿಸಿದ್ದು ಏನು? ಸೋಡಾ, ಎಳೆ ತಂತಿ, ಉಗುರು ಬಣ್ಣ ಎಲ್ಲ ಸೇರಿದರೂ ಒಂದು ಚಹಾದ ಬೆಲೆ ಆಗುವುದಿಲ್ಲ. ನಾನು ಉಳಿಸಿದ್ದು ಅವರ ದುಡ್ಡನ್ನಲ್ಲ, ನನ್ನ ಇಪ್ಪತ್ತು ನಿಮಿಷವನ್ನು. ದೊಡ್ಡ ಬಡಾವಣೆಯಿಂದ ಟಿವಿ ಬೋರ್ಡ್ ಬಂದಿದ್ದರೆ ಆ ಇಪ್ಪತ್ತು ನಿಮಿಷ ಕೊಡುತ್ತಿದ್ದೆ. ಇಲ್ಲಿ ಕೊಡಲಿಲ್ಲ. ಯಾಕೆ? ಮನಸ್ಸಿನೊಳಗೆ ಒಂದು ಮಾತು ಇತ್ತು: ಇವರಿಗೆ ಇಷ್ಟು ಸಾಕು.

ಈ ಮಾತು ನನಗೆ ಹೊಸದಲ್ಲ. ನಮ್ಮವ್ವ ದಿನವಿಡೀ ಕಳೆ ಕಿತ್ತು ಸಂಜೆ ಗೌಡರ ಹಿತ್ತಲಿನಲ್ಲಿ ನಿಂತಾಗ, ಕೂಲಿಯ ಬದಲು ಹರಿದ ಸೀರೆ ಬೀಳುತ್ತಿತ್ತು. ಒಳಗಿನಿಂದ ಇದೇ ಮಾತು ಕೇಳುತ್ತಿತ್ತು. ಧಮ್ಮ ಸ್ವೀಕರಿಸಿ ಇಷ್ಟು ವರ್ಷವಾದ ಮೇಲೆ ಅದೇ ಮಾತು ನನ್ನ ಬಾಯಿಗೆ ಬಾರದೆ ನನ್ನ ಕೈಗೆ ಬಂದಿತ್ತು. ಜಾತಿ ಊರ ಮೇಲಿನ ಕೇರಿಯಲ್ಲಿ ಮಾತ್ರ ಇದೆ ಅಂದುಕೊಂಡಿದ್ದೆ. ನನ್ನ ಸೋಲ್ಡರಿಂಗ್ ಐರನ್ನಿನ ತುದಿಯಲ್ಲೂ ಇತ್ತು.

ಈಗ ಹುಡುಗಿಯ ಪ್ರಶ್ನೆ. ನಮಗೆ ಯಾವಾಗಲೂ ತೇಪೆಯೇ ಯಾಕೆ?

ಮನುಸ್ಮೃತಿ ಚಂಡಾಲರಿಗೆ ಸತ್ತವರ ಬಟ್ಟೆಯನ್ನೂ ಒಡೆದ ಪಾತ್ರೆಯನ್ನೂ ವಿಧಿಸುತ್ತದೆ. ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡ್‌ನಲ್ಲಿ ಸುಟ್ಟದ್ದು ಆ ಗ್ರಂಥವನ್ನು. ವಿನಯಪಿಟಕದಲ್ಲೂ ಒಡೆದ ಪಾತ್ರೆಯ ಮಾತು ಬರುತ್ತದೆ. ಭಿಕ್ಷುವಿನ ಪಾತ್ರೆಗೆ ಐದಕ್ಕಿಂತ ಕಡಿಮೆ ತೇಪೆ ಇದ್ದರೆ ಅವನು ಹೊಸ ಪಾತ್ರೆ ಕೇಳುವಂತಿಲ್ಲ. ಎರಡೂ ಕಡೆ ಒಡೆದ ಪಾತ್ರೆಯೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ?

ಆ ನಿಯಮ ಹುಟ್ಟಿದ ಕತೆಯಲ್ಲಿದೆ. ಶಾಕ್ಯರ ನಾಡಿನ ಒಬ್ಬ ಕುಂಬಾರ, ಪಾತ್ರೆ ಬೇಕಾದ ಭಿಕ್ಷುಗಳು ಕೇಳಬಹುದು ಅಂದಿದ್ದ. ಭಿಕ್ಷುಗಳು ಮಿತಿಯಿಲ್ಲದೆ ಕೇಳತೊಡಗಿದರು. ಅವನಿಗೆ ಮಾರಲು ಮಡಕೆ ಮಾಡಲಾಗದೆ ಹೆಂಡತಿ ಮಕ್ಕಳು ಕಷ್ಟಕ್ಕೆ ಬಿದ್ದರು. ಅಂದರೆ ತೇಪೆಯ ನಿಯಮ ದುಡಿಯುವವನ ಮನೆಯನ್ನು ಉಳಿಸಲು ಬಂದದ್ದು. ಅದು ಸಂಘದಲ್ಲಿ ಎಲ್ಲರಿಗೂ ಒಂದೇ. ರಾಜಕುಲದಿಂದ ಬಂದ ಭಿಕ್ಷುವಿಗೂ ಅದೇ, ಕ್ಷೌರಿಕ ಉಪಾಲಿಗೂ ಅದೇ. ಮನುವಿನ ಒಡೆದ ಪಾತ್ರೆ ಒಬ್ಬರನ್ನು ಕೆಳಗಿಡಲು. ಸಂಘದ ಒಡೆದ ಪಾತ್ರೆ ಯಾರ ಮೇಲೂ ಭಾರವಾಗದಿರಲು.

ಈ ನಿಯಮದಲ್ಲಿ ನನಗೆ ಇನ್ನೊಂದು ಮಾತು ಕಂಡಿತು. ತೇಪೆಯನ್ನು ಎಣಿಸಬೇಕಾದರೆ ಅದು ಕಣ್ಣಿಗೆ ಕಾಣಬೇಕು. ಹಾಕಿದ ತೇಪೆ ಅವಮಾನವಲ್ಲ, ಮುಚ್ಚಿಟ್ಟ ತೇಪೆ ಮೋಸ. ನಾನು "ಹೊಸದರ ಹಾಗೇ ಆಗಿದೆ" ಅಂದೆನಲ್ಲ, ಪಂಚಶೀಲದ ನಾಲ್ಕನೆಯ ಶೀಲ ಮುರಿದದ್ದು ಅಲ್ಲಿ. ಬೋರ್ಡಿನ ಒಳಗೆ ಏನಿದೆ ಎಂದು ಗಿರಾಕಿಗೆ ನೋಡಲು ಬರುವುದಿಲ್ಲ. ಅವನ ಕಣ್ಣು ನಾವೇ. ಆ ಕಣ್ಣು ಸುಳ್ಳು ಹೇಳಿದರೆ ಸಮ್ಮಾ ಆಜೀವ ಎಲ್ಲಿ ಉಳಿಯಿತು?

ಅವತ್ತು ಹುಡುಗಿಯನ್ನು ಕೂರಿಸಿ, ಎಲ್ಲವನ್ನೂ ತೋರಿಸುತ್ತಾ ಬೋರ್ಡ್ ಸರಿ ಮಾಡಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಮೊದಲ ಸಲ ಅವಸರದಲ್ಲಿ ಮಾಡಿದ್ದೆ, ಸುಳ್ಳೂ ಹೇಳಿದ್ದೆ ಎಂದು ಒಪ್ಪಿಕೊಂಡೆ. ಎರಡು ಗಂಟೆ ದೀಪ ಉರಿಸಿಯೇ ಕೊಟ್ಟೆ. ಮೀಟರಿನ ಬೀಪ್ ಸಂಪರ್ಕ ಇದೆ ಅನ್ನುತ್ತದೆ ಅಷ್ಟೇ, ಅದು ಭಾರ ಹೊರುತ್ತದೆಯೇ ಎಂದು ಹೇಳುವುದಿಲ್ಲ.

ಅಲ್ಲಿಂದ ಅಂಗಡಿಯಲ್ಲಿ ಮೂರು ಕಟ್ಟುಪಾಡು ಇಟ್ಟುಕೊಂಡಿದ್ದೇನೆ. ಸಾಮಗ್ರಿಯಲ್ಲಿ ಉಳಿತಾಯ ಮಾಡಬಹುದು, ತೊಳೆಯುವುದರಲ್ಲಿ ಮತ್ತು ಪರೀಕ್ಷಿಸುವುದರಲ್ಲಿ ಇಲ್ಲ. ಏನು ಸರಿ ಮಾಡಿದೆ, ಯಾವ ದಿನ ಎಂದು ಡಬ್ಬಿಯ ಒಳಗೆ ಮಾರ್ಕರಿನಲ್ಲಿ ಬರೆಯಬೇಕು. ಮನೆಯ ಕರೆಂಟು ನೇರವಾಗಿ ಹರಿಯುವ ಜಾಗ ಸುಟ್ಟು ಕರಿಯಾಗಿದ್ದರೆ, ಎಷ್ಟೇ ಬಡವರಾದರೂ "ಇದಕ್ಕೆ ತೇಪೆ ಬೇಡ" ಎಂದು ಹೇಳಬೇಕು. ಕರುಣೆಯ ಹೆಸರಿನಲ್ಲಿ ಬೆಂಕಿಯನ್ನು ಮನೆಗೆ ಕಳಿಸುವುದು ಕರುಣೆಯಲ್ಲ.

ರಿಪೇರಿಯಾಗದೆ ಎಸೆದ ಬೋರ್ಡು ಎಲ್ಲೋ ಮಾಯವಾಗುವುದಿಲ್ಲ. ತಾಮ್ರಕ್ಕಾಗಿ ಬರಿಗೈಯಲ್ಲಿ ಆಸಿಡ್ ಮುಟ್ಟಿ, ವೈರು ಸುಟ್ಟು ಹೊಗೆ ಕುಡಿಯುವ ಬಡವರ ಕೈಗೇ ಅದು ಬಹಳ ಸಲ ಸೇರುತ್ತದೆ. ಇವತ್ತಿನ ಕುಂಬಾರನ ಮನೆ ಅದೇ.

ಇಂದು ಮಲಗುವ ಮುನ್ನ ಎಲ್ಲರೂ ಒಮ್ಮೆ ಕೇಳಿಕೊಳ್ಳೋಣ. ಶಿಕ್ಷಕರಾಗಿರಲಿ, ನರ್ಸ್ ಆಗಿರಲಿ, ಗಾರೆ ಕೆಲಸದವರಾಗಿರಲಿ, ಅಡುಗೆ ಬಡಿಸುವ ಕೈಯಾಗಿರಲಿ: ಇವತ್ತು ನಾನು ಯಾರ ಪಾಲಿಗೆ "ಇಷ್ಟು ಸಾಕು" ಅಂದುಕೊಂಡೆ?

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈ ಭೀಮ್.