ಹವ್ಯಾಸವೋ, ಕಾಯಕವೋ?

ಸಂಬಳ ನಿಂತ ಮೇಲೆ ಮಾಡುವ ಕೆಲಸವನ್ನು ಲೋಕವು ಹವ್ಯಾಸವೆನ್ನುತ್ತದೆ. ಅದು ಕಾಯಕವಾಗಲಾರದೆ? ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದು ನಿವೃತ್ತರಾದ ಕವಿ ಕಯ್ಯಾರ ಕಿಞ್ಞಣ್ಣ ರೈಗಳ (೧೯೧೫–೨೦೧೫) ಬಾಳು ಈ ಪ್ರಶ್ನೆಯನ್ನೆತ್ತುತ್ತದೆ. ಬೇಸಾಯ, ಕನ್ನಡ-ತುಳು ಕವಿತೆ, ಮಲಯಾಳದ ಕುಮಾರನ್ ಆಶಾನರ ಕಾವ್ಯಗಳ ಅನುವಾದ, ಕಾಸರಗೋಡು ಕರ್ನಾಟಕವನ್ನು ಸೇರಬೇಕೆಂಬ ಹೋರಾಟ—ಇಷ್ಟು ಕವಲೊಡೆದರೆ ಚಿತ್ತವು ಚದುರದೆ? ಕೀರ್ತಿಯೇ ಗುರಿಯಾದರೆ ಚದುರುವುದು ಸಹಜ. ರೈಗಳಾದರೋ ಆತ್ಮಕಥೆಗೆ ‘ದುಡಿತವೇ ನನ್ನ ದೇವರು’ ಎಂದು ಹೆಸರಿಟ್ಟರು. ಅವರು ಶರಣಪರಂಪರೆಯಲ್ಲಿ ಹುಟ್ಟಿದವರಲ್ಲ. ಹುಟ್ಟನ್ನು ಶರಣರಾದರೂ ಎಂದು ಕೇಳಿದರು?

ಫಲವೇ ಕಾಣದ ದುಡಿಮೆಯ ಮಾತೇನು ಎಂಬುದು ಇನ್ನೂ ಕಠಿನವಾದ ಪ್ರಶ್ನೆ. ಕೂಲಿಯಿಂದಲೇ ಕಾಯಕವನ್ನು ಅಳೆಯುವವರಿಗೆ ಅದು ವ್ಯರ್ಥವಾಗಿ ತೋರೀತು. ೧೯೫೬ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ೧೯೯೭ರಲ್ಲಿ ಮಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ರೈಗಳಿಗೆ ೮೨ ವರ್ಷ. ಅವರ ನಾಡು ಆಗಲೂ ಕೇರಳದಲ್ಲಿಯೇ ಇದ್ದಿತು, ಅವರ ಬೇಡಿಕೆಯೂ ಹಾಗೆಯೇ ಇದ್ದಿತು.