ಅಂಕ ಮತ್ತು ಅನಾಸಕ್ತಿ

ಫಲದಲ್ಲಿ ಆಸೆಯಿಡದೆ ಕರ್ಮವನ್ನು ಆಚರಿಸಬೇಕೆಂಬ ಗೀತೆಯ ಉಪದೇಶ ಕಿವಿಗೆ ಬೀಳದ ಮನೆ ನಮ್ಮಲ್ಲಿ ವಿರಳ. ಆದರೆ ವಾರವಾರವೂ ಮಾದರಿ ಪರೀಕ್ಷೆಯೊಂದನ್ನು ಬರೆದು, ಬಂದ ಅಂಕವನ್ನು ಹಿಂದಿನ ವಾರದ ಅಂಕದೊಡನೆ ತೂಗಿನೋಡುವುದೇ ದಿನಚರಿಯಾಗಿರುವ ವಿದ್ಯಾರ್ಥಿಗೆ ಆ ಉಪದೇಶವನ್ನು ಯಾವ ಅರ್ಥದಲ್ಲಿ ಹೇಳಬಹುದೆಂದು ಮನಸ್ಸಿಟ್ಟು ವಿಚಾರಿಸಿದವರು ಅದಕ್ಕಿಂತಲೂ ವಿರಳ. ಬೆಳಗಾವಿಯಲ್ಲಿ ಕಣಬರ್ಗಿಯ ಕಡೆಗೆ ಬೆಳೆದಿರುವ ರಾಮತೀರ್ಥ ನಗರದಂಥ ಬಡಾವಣೆಯಲ್ಲಿ ಇದು ಬರಿಯ ಗ್ರಂಥದ ಪ್ರಶ್ನೆಯಾಗಿ ಉಳಿದಿಲ್ಲ. ಪಿಯುಸಿ ಓದುವ ಮಗಳು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆಯಾದ ಕ್ಲ್ಯಾಟಿಗೆ ಸಿದ್ಧಳಾಗುತ್ತಿದ್ದರೆ, ಎರಡು ಗಂಟೆಗಳಲ್ಲಿ 120 ಪ್ರಶ್ನೆಗಳು, ಸರಿಯುತ್ತರಕ್ಕೆ 1 ಅಂಕ, ತಪ್ಪುತ್ತರಕ್ಕೆ 0.25ರ ಕಡಿತ ಎಂಬ ಲೆಕ್ಕವು ಆ ಮನೆಯ ಭಾನುವಾರದ ಸುಖದುಃಖಗಳನ್ನೇ ಆಳತೊಡಗುತ್ತದೆ. ಅಂಕ ಏರಿದ ದಿನ ಊಟ ರುಚಿಸುತ್ತದೆ. ಇಳಿದ ದಿನ ಕೋಣೆಯ ಬಾಗಿಲು ಮುಚ್ಚಿಕೊಳ್ಳುತ್ತದೆ. ಸಂಜೆ ಮನೆಗೆ ಬಂದ ತಂದೆ ಚಪ್ಪಲಿ ಕಳಚುತ್ತಲೇ ಕೇಳುವ ಮಾತು, “ಈ ಸಲ ಎಷ್ಟ ಬಿದ್ದಾವವಾ?”

ಮೀಮಾಂಸಕರ ಪದ್ಧತಿಯಂತೆ ಪೂರ್ವಪಕ್ಷವನ್ನು ಮೊದಲು ಅದರ ಪೂರ್ಣಬಲದೊಡನೆ ಕೇಳುವುದು ಯುಕ್ತ. ಸೀಟಿನ ಅಪೇಕ್ಷೆಯಿಂದಲೇ ಹುಟ್ಟಿದ ಪ್ರಯತ್ನದಿಂದ ಆ ಅಪೇಕ್ಷೆಯನ್ನೇ ತೆಗೆದುಹಾಕಿದರೆ ಉಳಿಯುವುದೇನು, ಎಂದು ಆಕ್ಷೇಪಕನು ಕೇಳುತ್ತಾನೆ. ಅವನ ಎರಡನೆಯ ಮಾತು ಇನ್ನೂ ತೀಕ್ಷ್ಣವಾದುದು. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯೊಂದರಲ್ಲಿ ಕನ್ನಡ ಅಥವಾ ಮರಾಠಿ ಮಾಧ್ಯಮದಲ್ಲಿ ಹತ್ತನೆಯ ತರಗತಿಯವರೆಗೆ ಓದಿ, ಈಗ ಇಂಗ್ಲಿಷಿನಲ್ಲಿ ಮಾತ್ರವೇ ನಡೆಯುವ ಪರೀಕ್ಷೆಯೊಂದರ ದೀರ್ಘ ಗದ್ಯಖಂಡಗಳೊಡನೆ ಸೆಣಸುತ್ತಿರುವ ಹುಡುಗಿಗೆ, ಅಂಕದ ಚಿಂತೆ ಬಿಡು ಎನ್ನುವುದು, ಹೊಟ್ಟೆತುಂಬ ಉಂಡವನು ಹಸಿದವನಿಗೆ ಉಪವಾಸದ ಮಹಿಮೆಯನ್ನು ಹೇಳಿದಂತಾಗುವುದಿಲ್ಲವೆ? ಈ ಆಕ್ಷೇಪವನ್ನು ನಾನು ಹಗುರವೆಂದು ಎಣಿಸುವುದಿಲ್ಲ. ಅನಾಸಕ್ತಿಯನ್ನು ಬೋಧಿಸಿದವರಲ್ಲಿ ಬಹುಮಂದಿ ಅದನ್ನು ಸೋತವರ ಸಮಾಧಾನಕ್ಕೆ ಮಾತ್ರ ಬಳಸಿದ್ದಾರೆ. ಗೆದ್ದವರಿಗೆ ಯಾರೂ ಆ ಶ್ಲೋಕವನ್ನು ನೆನಪಿಸಲು ಹೋಗುವುದಿಲ್ಲ.

ಆದರೂ ಆಕ್ಷೇಪದ ಬುಡದಲ್ಲಿ ಒಂದು ಗೊಂದಲವಿದೆ. ಮಾದರಿ ಪರೀಕ್ಷೆಯ ಅಂಕವನ್ನು ಅದು ಫಲವೆಂದು ಭಾವಿಸಿಕೊಂಡಿದೆ. ಕರ್ಮ ಮುಗಿದ ತರುವಾಯ ಅನುಭವಕ್ಕೆ ಬರತಕ್ಕದ್ದು ಫಲ. ನಡೆಯುತ್ತಿರುವ ಕರ್ಮದ ಸ್ಥಿತಿಯನ್ನು ಕರ್ತೃವಿಗೆ ತಿಳಿಸಿಕೊಡತಕ್ಕದ್ದು ಪ್ರಮಾಣ. ಅಭ್ಯಾಸದ ಕಾಲದ ಅಂಕ ಈ ಎರಡನೆಯ ಜಾತಿಗೆ ಸೇರಿದುದು. ಅದನ್ನು ಉಣ್ಣುವುದಕ್ಕೂ ಬರುವುದಿಲ್ಲ, ಅದರಿಂದ ಉಪವಾಸ ಬೀಳುವುದಕ್ಕೂ ಕಾರಣವಿಲ್ಲ. ಅದರಿಂದ ತಿಳಿಯಬೇಕಾದುದನ್ನು ತಿಳಿದುಕೊಳ್ಳುವುದೊಂದೇ ಅದರ ಸಾರ್ಥಕ್ಯ. ಫಲತ್ಯಾಗವನ್ನು ಹೇಳಿದ ಶಾಸ್ತ್ರವು ಪ್ರಮಾಣತ್ಯಾಗವನ್ನು ಎಲ್ಲಿಯೂ ಹೇಳಿಲ್ಲ.

ವೈರಾಗ್ಯವೆಂದರೆ ಅಲಕ್ಷ್ಯವಲ್ಲವೆಂಬುದಕ್ಕೆ ಈ ಊರಿನಲ್ಲಿಯೇ ಒಂದು ಸಾಕ್ಷ್ಯವಿದೆ. 1892ರ ಅಕ್ಟೋಬರಿನಲ್ಲಿ ಪರಿವ್ರಾಜಕರಾಗಿ ಬೆಳಗಾವಿಗೆ ಬಂದ ಸ್ವಾಮಿ ವಿವೇಕಾನಂದರು ಕೆಲವು ದಿನ ಉಳಿದುಕೊಂಡದ್ದು ಭಾಟೆ ಎಂಬ ವಕೀಲರ ಮನೆಯಲ್ಲಿ. ಆ ಮನೆಯ ಬಾಲಕನು ಆಗ ಪಾಣಿನಿಯ ಅಷ್ಟಾಧ್ಯಾಯಿಯನ್ನು ಬಾಯಿಪಾಠ ಮಾಡುತ್ತಿದ್ದನು; ತಾನು ಕಷ್ಟಪಟ್ಟು ಉರುಹೊಡೆಯುತ್ತಿದ್ದ ಭಾಗಗಳು ಕೂಡ ಅತಿಥಿಯ ನೆನಪಿನಲ್ಲಿ ತನಗಿಂತ ಎಷ್ಟೋ ಚೆನ್ನಾಗಿ ನಿಂತಿದ್ದುದನ್ನು ಕಂಡು ಬೆರಗಾದ ಸಂಗತಿಯನ್ನು ಅವನು ಮುಂದೆ ಪ್ರಾಧ್ಯಾಪಕನಾದ ಮೇಲೆ ತನ್ನ ಸ್ಮರಣೆಗಳಲ್ಲಿ ಬರೆದಿಟ್ಟಿದ್ದಾನೆ. ಯಾವ ಪರೀಕ್ಷೆಗೂ ಕೂಡಬೇಕಾಗಿರದ, ಯಾವ ಪದವಿಯೂ ಬೇಕಾಗಿರದ ಸಂನ್ಯಾಸಿಯಲ್ಲಿ ಸೂತ್ರಗಳು ಅಕ್ಷರಶಃ ಉಳಿದಿದ್ದುವು. ಫಲವನ್ನು ಬಿಟ್ಟವನು ನಿಖರತೆಯನ್ನು ಬಿಟ್ಟಿರಲಿಲ್ಲ. ಮನಸ್ಸು ಫಲದ ಕಡೆಗೆ ಹರಿದು ಚದರದಿದ್ದುದರಿಂದಲೇ ಅದು ವಿಷಯದಲ್ಲಿ ಅಷ್ಟು ಗಾಢವಾಗಿ ನಿಂತಿತೆಂದು ನಾನು ನಂಬುತ್ತೇನೆ.

ಇನ್ನು ತಪ್ಪಿನ ವಿಚಾರ. ನಮ್ಮ ದರ್ಶನಕಾರರು ಸತ್ಯಜ್ಞಾನವನ್ನು ಕುರಿತು ಬರೆದಷ್ಟೇ ಶ್ರದ್ಧೆಯಿಂದ ಭ್ರಮೆಯನ್ನು ಕುರಿತೂ ಬರೆದರೆಂಬುದು ಅಭಿಮಾನಪಡತಕ್ಕ ಸಂಗತಿ. ಕಪ್ಪೆಚಿಪ್ಪಿನಲ್ಲಿ ಬೆಳ್ಳಿ ತೋರಿದುದು ಹೇಗೆಂಬ ಒಂದು ಸಣ್ಣ ಉದಾಹರಣೆಯ ಮೇಲೆ ಶತಮಾನಗಳ ಕಾಲ ವಾದ ನಡೆಯಿತು. ನೈಯಾಯಿಕರು ಒಂದು ವಸ್ತುವು ಮತ್ತೊಂದರಂತೆ ತೋರಿತೆಂದರು, ಅದ್ವೈತಿಗಳು ತೋರಿದ ಬೆಳ್ಳಿ ಸತ್ತೂ ಅಲ್ಲ ಅಸತ್ತೂ ಅಲ್ಲ ಎಂದರು, ರಾಮಾನುಜರೂ ಮಧ್ವರೂ ತಮ್ಮ ತಮ್ಮ ದಾರಿಯಲ್ಲಿ ಇದನ್ನು ಬಿಡಿಸಿದರು. ಇವರೆಲ್ಲರ ನಡುವೆ ಪ್ರಭಾಕರ ಮೀಮಾಂಸಕನ ಮತವೇ ಪರೀಕ್ಷಾರ್ಥಿಗೆ ಹೆಚ್ಚು ಉಪಕಾರಿ. ಕಣ್ಣೆದುರಿನದು ಒಂದು, ನೆನಪಿನಿಂದ ಎದ್ದುಬಂದದ್ದು ಇನ್ನೊಂದು. ಎರಡರ ಭೇದವನ್ನು ಗ್ರಹಿಸದೆ ಹೋದುದೇ ಭ್ರಮೆ ಎಂಬುದು ಅವನ ಸಿದ್ಧಾಂತ.

ಕ್ಲ್ಯಾಟಿನ ನ್ಯಾಯತರ್ಕದ ವಿಭಾಗದಲ್ಲಿ ವಿದ್ಯಾರ್ಥಿಗಳು ಎಡವುವುದು ಬಹುಮಟ್ಟಿಗೆ ಇದೇ ಬಗೆಯಲ್ಲಿ. 2020ರಿಂದೀಚೆಗೆ ಈ ಪರೀಕ್ಷೆಯಲ್ಲಿ ನಿಯಮವನ್ನು ಗದ್ಯಖಂಡದೊಳಗೇ ಕೊಟ್ಟಿರುತ್ತಾರೆ. ಅದನ್ನು ಸಂಗತಿಗೆ ಅನ್ವಯಿಸುವುದಷ್ಟೇ ಕೆಲಸ. ಪರರ ಸ್ವಾಧೀನದಲ್ಲಿರುವ ಚರವಸ್ತುವನ್ನು ಅವರ ಸಮ್ಮತಿಯಿಲ್ಲದೆ ಅಪ್ರಾಮಾಣಿಕ ಉದ್ದೇಶದಿಂದ ಸಾಗಿಸುವುದು ಕಳ್ಳತನವೆಂಬ ನಿಯಮ ಕೊಟ್ಟಿದೆಯೆಂದಿಟ್ಟುಕೊಳ್ಳಿ. ಸಂಗತಿ ಇಷ್ಟು: ಒಬ್ಬನು ಗಡಿಯಾರವನ್ನು ರಿಪೇರಿಗೆ ಕೊಟ್ಟನು, ರಿಪೇರಿಯ ಹಣ ಸಲ್ಲುವವರೆಗೆ ಅಂಗಡಿಯವನು ಅದನ್ನು ನ್ಯಾಯವಾಗಿ ಇರಿಸಿಕೊಂಡನು, ಹಣ ತಪ್ಪಿಸಬೇಕೆಂದು ಮಾಲೀಕನು ತನ್ನ ಗಡಿಯಾರವನ್ನು ತಾನೇ ಎತ್ತಿಕೊಂಡು ಹೋದನು. ತನ್ನ ವಸ್ತುವನ್ನು ತಾನು ಒಯ್ದರೆ ಕಳ್ಳತನ ಹೇಗಾದೀತೆಂದು ಹುಡುಗಿ ಗುರುತು ಹಾಕುತ್ತಾಳೆ. ಉತ್ತರ ತಪ್ಪು, ನಿಯಮ ಕೇಳಿದ್ದು ಸ್ವಾಧೀನವನ್ನು, ಒಡೆತನವನ್ನಲ್ಲ. 1860ರ ಭಾರತೀಯ ದಂಡಸಂಹಿತೆಯೇ ಈ ಗಡಿಯಾರದ ದೃಷ್ಟಾಂತವನ್ನು ಕಳ್ಳತನದ ಪ್ರಕರಣದಲ್ಲಿ ಕೊಟ್ಟಿದ್ದಿತು. ಅವಳಿಗೆ ಇಂಗ್ಲಿಷ್ ತಿಳಿಯದೆ ಹೋದುದಲ್ಲ, ಬುದ್ಧಿ ಸಾಲದೆ ಹೋದುದೂ ಅಲ್ಲ. ‘ಕಳ್ಳತನವೆಂದರೆ ಪರರ ಸೊತ್ತನ್ನು ಕದಿಯುವುದು’ ಎಂದು ಬಾಲ್ಯದಿಂದ ಮನಸ್ಸಿನಲ್ಲಿ ಬೇರೂರಿದ್ದ ಸಂಸ್ಕಾರ ಎದ್ದುಬಂದು ಕಣ್ಣೆದುರಿನ ವಾಕ್ಯದೊಡನೆ ಬೆರೆತುಹೋಯಿತು.

ಉತ್ತರಪಟ್ಟಿಯನ್ನು ನೋಡಿ ‘ಓಹೋ, ಇದು ಬಿ ಅಲ್ಲ, ಸಿ’ ಎಂದು ತಿದ್ದಿಕೊಂಡು ಮುಂದೆ ಹೋಗುವವಳಿಗೆ ಅದೇ ಭ್ರಮೆ ಇನ್ನೊಂದು ವೇಷದಲ್ಲಿ ಮುಂದಿನ ಭಾನುವಾರ ಕಾದಿರುತ್ತದೆ. ಬಿ ಎಂಬುದು ತನಗೆ ಏಕೆ ಸತ್ಯವಾಗಿ ತೋರಿತೆಂಬುದನ್ನು, ತನ್ನ ವಿರುದ್ಧವೇ ತಾನು ನಿಂತ ಪ್ರಾಮಾಣಿಕ ಪೂರ್ವಪಕ್ಷಿಯಂತೆ, ಒಂದು ನೋಟುಬುಕ್ಕಿನಲ್ಲಿ ತನ್ನ ಮಾತಿನಲ್ಲಿ ಬರೆದಿಡಬೇಕು. ಅನಂತರ ಗದ್ಯಖಂಡದ ಯಾವ ಪದ ಆ ತೋರಿಕೆಯನ್ನು ಬಾಧಿಸುತ್ತದೆಂಬುದನ್ನು ಅದರ ಕೆಳಗೆ ಬರೆಯಬೇಕು. ಕನ್ನಡದಲ್ಲಿಯೇ ಬರೆದರೂ ಸರಿ. ಭ್ರಮೆ ಹುಟ್ಟಿದ್ದು ಯಾವ ಭಾಷೆಯಲ್ಲೋ ಆ ಭಾಷೆಯಲ್ಲಿ ಅದನ್ನು ಹಿಡಿಯುವುದು ಸುಲಭ. ಅಭ್ಯಾಸವು ದೃಢವಾಗಬೇಕಾದರೆ ಅದು ದೀರ್ಘಕಾಲ, ಎಡೆಬಿಡದೆ, ಆದರಪೂರ್ವಕವಾಗಿ ನಡೆಯಬೇಕೆಂದು ಪತಂಜಲಿ ಹೇಳಿದ್ದಾನೆ. ಮೊದಲಿನ ಎರಡನ್ನು ನಮ್ಮ ಮಕ್ಕಳು ಮೈಮುರಿದು ಪಾಲಿಸುತ್ತಾರೆ, ಕೊರತೆಯಿರುವುದು ಮೂರನೆಯದರಲ್ಲಿ. ತನ್ನ ತಪ್ಪನ್ನು ಆದರದಿಂದ ಕಾಣುವುದು ಅಂಕವನ್ನು ಫಲವೆಂದು ತಿಳಿದವಳಿಗೆ ಅಸಾಧ್ಯ, ಏಕೆಂದರೆ ಪ್ರತಿಯೊಂದು ತಪ್ಪೂ ಅವಳಿಗೆ ನಷ್ಟವಾಗಿ, ಅವಮಾನವಾಗಿ ಕಾಣುತ್ತದೆ. ಅದನ್ನು ಬೇಗ ಮರೆಯುವುದೇ ಅವಳಿಗೆ ಬೇಕು. ಹೀಗೆ ಅಂಕದ ಆಸಕ್ತಿಯೇ ಅಂಕದ ಏರಿಕೆಗೆ ಅಡ್ಡವಾಗುತ್ತದೆ. ಅನಾಸಕ್ತಿಯನ್ನು ಇಲ್ಲಿ ನಾನು ಹೇಳುವುದು ಸೋತವರ ಸಮಾಧಾನಕ್ಕಾಗಿ ಅಲ್ಲ, ಖಾನಾಪುರದ ಆ ಹುಡುಗಿ ಗೆಲ್ಲಬೇಕೆಂಬ ಕಾರಣಕ್ಕಾಗಿ.

ಸಂಶಯವನ್ನೂ ವಿಪರ್ಯಯವನ್ನೂ ನ್ಯಾಯಶಾಸ್ತ್ರ ಬೇರೆಬೇರೆಯಾಗಿ ಎಣಿಸಿದಂತೆ ಈ ಪರೀಕ್ಷೆಯೂ ಎಣಿಸುತ್ತದೆ: ಉತ್ತರಿಸದೆ ಬಿಟ್ಟರೆ ದಂಡವಿಲ್ಲ, ತಪ್ಪಾಗಿ ನಿಶ್ಚಯಿಸಿದರೆ ಉಂಟು. ನಾಲ್ಕು ಪರ್ಯಾಯಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಆರಿಸಿದವನಿಗೆ ಸರಾಸರಿ ಲಾಭ ಒಂದಂಕದ ಹದಿನಾರನೆಯ ಒಂದು ಪಾಲು. ಒಂದನ್ನು ಕಾರಣಸಹಿತವಾಗಿ ತಳ್ಳಿಹಾಕಿ ಉಳಿದ ಮೂರರಲ್ಲಿ ಆರಿಸಿದವನಿಗೆ ಆರನೆಯ ಒಂದು ಪಾಲು. ಅರೆತಿಳಿವಿಗೂ ಬೆಲೆಯಿದೆ.

ಇಷ್ಟಾದ ಮೇಲೂ ನಿಜವಾದ ಫಲವೊಂದು ಉಳಿದೇ ಇದೆ. ಡಿಸೆಂಬರಿನ ಆ ಒಂದು ಮಧ್ಯಾಹ್ನದ ಪರೀಕ್ಷೆ, ಅದರಿಂದ ಬರುವ ರ್‍ಯಾಂಕು. ಗೀತೆಯ ಹದಿನೆಂಟನೆಯ ಅಧ್ಯಾಯ ಕಾರ್ಯಸಿದ್ಧಿಗೆ ಅಧಿಷ್ಠಾನ, ಕರ್ತೃ, ಕರಣ, ಚೇಷ್ಟೆ, ದೈವ ಎಂದು ಐದು ಕಾರಣಗಳನ್ನು ಹೇಳುತ್ತದೆ. ಕರ್ತೃವು ಆ ಐದರಲ್ಲಿ ಒಬ್ಬನು ಮಾತ್ರ. ರ್‍ಯಾಂಕೆಂಬುದು ತಾನು ಬರೆದದ್ದರಿಂದ ಮಾತ್ರ ಆಗುವುದಲ್ಲ, ದೇಶದ ಇತರರು ಬರೆದದ್ದರಿಂದಲೂ ಆಗುವುದು. ಸಿಕ್ಕಿದ ಶಾಲೆ, ಮನೆಯ ಭಾಷೆ, ಕೋಚಿಂಗಿಗೆ ಒದಗಿದ ಹಣ ಇವೆಲ್ಲ ಅದರಲ್ಲಿ ಸೇರಿವೆ. ಆದುದರಿಂದ ಪೂರ್ಣಫಲದ ಹೊಣೆಯನ್ನು ಹದಿನೇಳು ವರ್ಷದ ಒಂದು ಜೀವದ ಮೇಲೆ ಹೇರುವುದು ಶಾಸ್ತ್ರಕ್ಕೂ ವಿರುದ್ಧ, ದಯೆಗೂ ವಿರುದ್ಧ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಬಾಗಿಲು ತೆರೆಯದಿದ್ದರೆ ಕಾನೂನಿನ ಬಾಗಿಲೇ ಮುಚ್ಚಿತೆಂದು ಈ ಊರಿನವರು ತಿಳಿಯಲೇಬಾರದು. ಟಿಳಕವಾಡಿಯಲ್ಲಿ 1939ರಲ್ಲಿ ಸ್ಥಾಪಿತವಾದ ರಾಜಾ ಲಖಮಗೌಡ ಕಾನೂನು ಕಾಲೇಜಿದೆ. 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಗಳಾದ ಇ. ಎಸ್. ವೆಂಕಟರಾಮಯ್ಯನವರು ಅಲ್ಲಿ ಓದಿದವರು.

ತಂದೆತಾಯಿಗಳಲ್ಲಿ ನನ್ನದೊಂದು ವಿನಂತಿ. ಮುಂದಿನ ಭಾನುವಾರ ಮಗಳು ಉತ್ತರಪಟ್ಟಿಯನ್ನು ಹೊಂದಿಸಿ ನೋಡಿ ಮುಗಿಸಿದಾಗ ಎಷ್ಟು ಬಿದ್ದುವೆಂದು ಕೇಳಬೇಡಿ. ತಪ್ಪಾದ ಪ್ರಶ್ನೆಗಳಲ್ಲಿ ಒಂದನ್ನು ಓದಿ ಹೇಳುವಂತೆ ಕೇಳಿ, ಅವಳು ಆರಿಸಿದ ತಪ್ಪುತ್ತರ ಏಕೆ ಸರಿಯೆನ್ನಿಸಿತೆಂಬುದನ್ನು ಅವಳ ಬಾಯಿಂದ ಪೂರ್ತಿಯಾಗಿ ಕೇಳಿ, ನಡುವೆ ಮಾತಾಡದಿರಿ.