ರಾತ್ರಿಭೋಜನತ್ಯಾಗ ಮತ್ತು ಮಧುಮೇಹಿ ಶ್ರಾವಕ

ಇನ್ಸುಲಿನ್ ಚುಚ್ಚುಮದ್ದಿನ ಆಧಾರದಿಂದಲೇ ಬದುಕಿರುವ ಶ್ರಾವಕನು ಸೂರ್ಯಾಸ್ತಕ್ಕೆ ಮುನ್ನ ಉಂಡು ಮಲಗುತ್ತಾನೆ. ನಡುರಾತ್ರಿ ಬೆವರಿ, ನಡುಗುತ್ತ ಏಳುತ್ತಾನೆ. ರಕ್ತದ ಸಕ್ಕರೆಯು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಕೆಳಗಿಳಿದಿದೆ. 15 ಗ್ರಾಂ ಗ್ಲೂಕೋಸ್ ಸೇವಿಸಿದರೆ ಸಾಮಾನ್ಯವಾಗಿ ಕಾಲು ಗಂಟೆಯಲ್ಲಿ ಚೇತರಿಕೆ. ತಡಮಾಡಿದರೆ ಮೂರ್ಛೆ, ಒಮ್ಮೊಮ್ಮೆ ಮರಣ. ಆಗ ವ್ರತದ ಗತಿಯೇನು?

ವ್ರತಕ್ಕಾಗಿ ಪ್ರಾಣ ಬಿಡುವುದೇ ಮೇಲೆಂದು ಕೆಲವರು ಸಲ್ಲೇಖನವನ್ನು ಉದಾಹರಿಸುವುದುಂಟು. ಇದು ಶಾಸ್ತ್ರಸಮ್ಮತವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ರೋಗನಿಮಿತ್ತವಾಗಿ ಸಲ್ಲೇಖನವನ್ನು ಹೇಳಿರುವುದು ಪ್ರತೀಕಾರವಿಲ್ಲದ ರೋಗಕ್ಕೆ ಮಾತ್ರ. ಇಲ್ಲಿಯೋ ಪ್ರತೀಕಾರವು ತಲೆದಿಂಬಿನ ಪಕ್ಕದಲ್ಲಿಯೇ ಇದೆ! ಮೇಲಾಗಿ ಸಕ್ಕರೆ ಇಳಿದಂತೆ ಬುದ್ಧಿಯೂ ಮಂಕಾಗುತ್ತದೆ; ಸಮಾಧಿಮರಣಕ್ಕೆ ಬೇಕಾದ ಜಾಗೃತಿ ಎಲ್ಲಿಂದ ಬರಬೇಕು?

ಹಾಗೆಂದು ರೋಗದ ನೆಪದಲ್ಲಿ ತಿಂಡಿಯ ಡಬ್ಬಿಗೆ ಕೈಹಾಕಲಾಗದು. ವೈದ್ಯರು ಹೇಳಿದಷ್ಟು ಔಷಧ; ಮೀರಿದ್ದು ನಾಲಗೆಯ ಚಪಲ. ವ್ರತ ಸ್ವೀಕರಿಸುವಾಗಲೇ ಗುರುಗಳಲ್ಲಿ ರೋಗವನ್ನು ನಿವೇದಿಸಿ ಈ ಅಪವಾದವನ್ನು ಹೇಳಿಕೊಳ್ಳಬೇಕು; ಸಂಜೆಯ ಇನ್ಸುಲಿನ್ ಪ್ರಮಾಣವನ್ನು ವೈದ್ಯರಿಂದ ಗೊತ್ತುಮಾಡಿಸಿಕೊಳ್ಳಬೇಕು. ತಾನಾಗಿ ಇನ್ಸುಲಿನ್ ಬಿಡುವುದಂತೂ ಪ್ರಮಾದವೇ ಸರಿ.

ನಾನು ಬಲ್ಲ ಮನೆಯೊಂದರಲ್ಲಿ ರಾತ್ರಿ ನೀರನ್ನೂ ಮುಟ್ಟದ ಅಜ್ಜಿಯವರು, ಣಮೋಕಾರ ಜಪ ಮುಗಿಸಿದ ಮೇಲೆ, ಮೊಮ್ಮಗನ ಹಾಸಿಗೆಯ ಬಳಿ ಗ್ಲೂಕೋಸ್ ಡಬ್ಬಿಯನ್ನು ತಾವೇ ಇಟ್ಟು ಮಲಗುತ್ತಾರೆ.